ಗುಡ್ಡಕ್ಕೆ ರೋಪ್‌ವೇ: ಮೊದಲು ಲೆಕ್ಕ ಆಗಲಿ

ಮಾನ್ಯರೇ,

ಸವದತ್ತಿ ಯಲ್ಲಮ್ಮನ ಗುಡ್ಡದ ವಾಹನ ದಟ್ಟಣೆಯ ಮಾತು ಬಂದಾಗಲೆಲ್ಲ ‘ಸ್ವಿಟ್ಜರ್ಲೆಂಡಿನ ಹಾಗೆ ರೋಪ್‌ವೇ ಹಾಕಿರಿ’ ಎನ್ನುವವರಿದ್ದಾರೆ. ಅಲ್ಲಿನ ಗ್ರಿಂಡೆಲ್‌ವಾಲ್ಡ್‌ನಲ್ಲಿ 2020ರಲ್ಲಿ ಶುರುವಾದ ರೋಪ್‌ವೇ ಐಗರ್ ಎಕ್ಸ್‌ಪ್ರೆಸ್‌ನ ಒಂದೊಂದು ತೊಟ್ಟಿಲಲ್ಲಿ 26 ಜನ ಕೂರುತ್ತಾರೆ. ತಾಸಿಗೆ ಸುಮಾರು 2,200 ಜನ. 12 ತಾಸು ಬಿಡುವಿಲ್ಲದೆ ಓಡಿದರೂ 26,400. ಬನದ ಹುಣ್ಣಿಮೆ, ಭರತ ಹುಣ್ಣಿಮೆಯ ಜಾತ್ರೆಗೆ ನಮ್ಮ ಗುಡ್ಡಕ್ಕೆ ಬರುವವರು ಲಕ್ಷಗಟ್ಟಲೆ. ಗಾಳಿ ಜೋರಾದರೆ ಅದೂ ನಿಲ್ಲುತ್ತದೆ.

ಯುರೋಪಿನ ಸ್ಕೀ (ಹಿಮದ ಮೇಲೆ ಜಾರುವ ಹಲಗೆ) ಆಟದ ಊರುಗಳಿಂದ ಕಲಿಯಬೇಕಾದದ್ದು ಪಾರ್ಕಿಂಗ್. ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ಗೆ ಪ್ರವಾಸಿಗರ ಕಾರು ಬಿಡುವುದಿಲ್ಲ. ಸುಮಾರು 5 ಕಿ.ಮೀ. ಕೆಳಗೆ ಟ್ಯಾಶ್‌ನಲ್ಲಿ ನಿಲ್ಲಿಸಿ, 20 ನಿಮಿಷಕ್ಕೊಂದು ಹೊರಡುವ ರೈಲು ಹತ್ತಬೇಕು. 12 ನಿಮಿಷದ ಹಾದಿ. ಸಾಮಾನಿನ ತಳ್ಳುಗಾಡಿಯನ್ನು ಹಾಗೇ ರೈಲಿನೊಳಗೆ ತಳ್ಳಿಕೊಂಡು ಹೋಗಬಹುದು. ಆಸ್ಟ್ರಿಯಾದ ಸೆರ್‌ಫೌಸ್ ಸಣ್ಣ ಹಳ್ಳಿ. ಆದರೂ ಊರ ಬಾಗಿಲ ಪಾರ್ಕಿಂಗ್‌ನಿಂದ ಸ್ಕೀ ಲಿಫ್ಟಿನವರೆಗೆ 1985ರಿಂದ ನೆಲದಡಿಯ ಪುಕ್ಕಟೆ ರೈಲು ಇದೆ. ಫ್ರಾನ್ಸಿನ ಲೆಸ್ ಆರ್ಕ್‌ನಲ್ಲಿ ರೈಲು ನಿಲ್ದಾಣದ ಪಕ್ಕದಿಂದಲೇ ಹಳಿಯ ಲಿಫ್ಟ್ 7 ನಿಮಿಷದಲ್ಲಿ ಮೇಲಕ್ಕೊಯ್ಯುತ್ತದೆ. ಆದರೆ ಇನ್ನೂ ಮೇಲಿನ ವಸತಿಗಳಿಗೆ ಮತ್ತೆ ಬಸ್ ಬದಲಿಸಬೇಕು. ಹೆಗಲ ಮೇಲೆ ಸ್ಕೀ, ಕೈಯಲ್ಲಿ ಪೆಟ್ಟಿಗೆ ಇರುವವನು ಎರಡನೇ ಸಲ ಇಳಿದು ಹತ್ತುವುದಕ್ಕೆ ಬೇಸತ್ತು ಕಾರನ್ನೇ ತರುತ್ತಾನೆ. ಅಲ್ಲಿ ಮನೆ ಬಾಡಿಗೆ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ. ಹಾಗಾಗಿ ಆ ಕಣಿವೆಯ ರಸ್ತೆ ಶನಿವಾರ ಜಾಮ್. ನಮ್ಮ ಹುಣ್ಣಿಮೆಯ ಹಾಗೇ.

ಸವದತ್ತಿಯಿಂದ ಗುಡ್ಡವೂ ಹೆಚ್ಚುಕಡಿಮೆ 5 ಕಿ.ಮೀ. ಗಾಡಿಗಳನ್ನು ಕೆಳಗೆ ಸವದತ್ತಿಯಲ್ಲೇ ನಿಲ್ಲಿಸಿ, ಅಲ್ಲಿಂದ ನಿಮಿಷಕ್ಕೊಂದರಂತೆ 50 ಜನರ ಬಸ್ ಬಿಟ್ಟರೆ ತಾಸಿಗೆ 3,000 ಜನ ಮೇಲೇರುತ್ತಾರೆ. ಹತ್ತಿಸಿ, ಇಳಿಸಿ, ಮರಳಿ ಬರಲು 50 ನಿಮಿಷ ಹಿಡಿದರೆ 50 ಬಸ್ ಬೇಕು, ಕೆಟ್ಟರೆ ಇರಲೆಂದು ಇನ್ನೈದು. ಒಂದು ಬಸ್ ತುಂಬಲು 5 ನಿಮಿಷವಾದರೆ ಒಮ್ಮೆಗೆ ಕನಿಷ್ಠ ಐದು ಬಸ್ ನಿಂತು ಜನ ಹತ್ತಿಸಲು ಜಾಗ ಬೇಕು. ಎಲ್ಲಕ್ಕಿಂತ ಮುಖ್ಯ, ಬಸ್ಸಿಗೆ ಬೇರೆ ದಾರಿ. ಅದರಲ್ಲಿ ಟ್ರ್ಯಾಕ್ಟರ್ ನುಗ್ಗಿ ಒಂದು ಸುತ್ತಿಗೆ ಎರಡು ತಾಸಾದರೆ ಅಷ್ಟೇ ಬಸ್ಸುಗಳಲ್ಲಿ ತಾಸಿಗೆ ಹೋಗುವವರು 1,250 ಮಾತ್ರ.

ಇನ್ನು ಪಡ್ಡಲಗಿ, ಅಂದರೆ ಗುಡ್ಡದಲ್ಲೇ ಅಡುಗೆ ಮಾಡಿ ದೇವಿಗೆ ಎಡೆ ಅರ್ಪಿಸುವ ಪದ್ಧತಿ. ಪಾತ್ರೆ, ಹಿಟ್ಟು, ಕಟ್ಟಿಗೆ ಹೇರಿಕೊಂಡು ಚಕ್ಕಡಿ, ಟ್ರ್ಯಾಕ್ಟರಿನಲ್ಲಿ ಬರುವ ಕುಟುಂಬ ಗಾಡಿಯ ಮಗ್ಗುಲಲ್ಲೇ ಒಲೆ ಹೂಡುತ್ತದೆ. ಕೆಳಗೆ ನೀರು, ಶೌಚಾಲಯ, ಅಡುಗೆಗೆ ಜಾಗ, ದನಕ್ಕೆ ನೆರಳು ಇಲ್ಲದೆ ‘ಗಾಡಿ ಇಲ್ಲೇ ಬಿಡಿ’ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಸಾಮಾನಿಗೆ ಪ್ರತಿ ಹತ್ತು ಬಸ್ಸಿಗೊಂದು ಟ್ರೇಲರ್ ಇರಲಿ. ಮೇಲೇರುವವರು ದಿನವಿಡೀ ಹಂಚಿಹೋದರೂ ಇಳಿಯುವವರು ಸಂಜೆ ಒಮ್ಮೆಲೇ ಬರುತ್ತಾರೆ. ಆದ್ದರಿಂದ ಸಾಲು ನಿಲ್ಲುವ ಕಟಾಂಜನ, ದೀಪ, ಕುಡಿಯುವ ನೀರು ಕೆಳಗಿನದಕ್ಕಿಂತ ಗುಡ್ಡದ ಮೇಲಿನ ನಿಲ್ದಾಣದಲ್ಲೇ ಹೆಚ್ಚು ಬೇಕು.

– ಸಾರಿಗೆ ಯೋಜನೆಯ ನಿವೃತ್ತ ಎಂಜಿನಿಯರ್, ಬೆಳಗಾವಿ