ಜೆರುಸಲೇಮಿನ ಆ ಮಕ್ಕಳಿಗೆ ಥ್ಯಾಂಕ್ಸ್

ಸವ್ತಾ ಹೋಗಿ 30 ದಿನ ತುಂಬಿತು. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಇಷ್ಟು ದಿನ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇವತ್ತು ಕೂತು ಬರೆಯುತ್ತಿದ್ದೇನೆ. ಇಲ್ಲಿ ಇಸ್ರೇಲಿನಲ್ಲಿ ಅಜ್ಜಿಗೆ ಸವ್ತಾ ಅನ್ನುತ್ತಾರೆ. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿಯನ್ನು ನಾನೂ ಹಾಗೇ ಕರೆಯುತ್ತಿದ್ದೆ. ಅವರ ಕಾಯಿಲೆ, ಆಸ್ಪತ್ರೆಯ ಓಡಾಟ ನಿಮಗೆ ಗೊತ್ತಿರುವುದೇ. ಮತ್ತೆ ಹೇಳುವುದಿಲ್ಲ.

ಕೊನೆಯವರೆಗೂ ನನ್ನನ್ನು ಮನೆಯವಳಾಗಿಯೇ ಕಂಡ ಅವರ ಮಗ ಸೊಸೆಗೆ, ರಜೆಯ ದಿನ ಬಲವಂತವಾಗಿ ಕರೆದುಕೊಂಡು ಹೋಗಿ ಗಂಜಿ, ಮೀನು ಸಾರು ಬಡಿಸಿದ ಮಂಗಳೂರು, ಉಡುಪಿ ಕಡೆಯ ಗೆಳತಿಯರಿಗೆ, ಕೆಳಗಿನ ಮನೆಯವರಿಗೆ, ವೀಲ್‌ಚೇರ್, ಸ್ನಾನದ ಕುರ್ಚಿ ಎಲ್ಲ ಎರವಲು ಕೊಟ್ಟ ಯಾದ್ ಸಾರಾ ಸಂಸ್ಥೆಯ ಸ್ವಯಂಸೇವಕರಿಗೆ ತುಂಬಾ ತುಂಬಾ ಥ್ಯಾಂಕ್ಸ್. 1976ರಿಂದ ಆ ಸಂಸ್ಥೆ ಈ ದೇಶದಲ್ಲಿ ಎಷ್ಟು ಮನೆಗಳ ಭಾರ ಇಳಿಸಿದೆಯೋ, ಇಲ್ಲಿ ಕೆಲಸ ಮಾಡುವ ನಮಗೆ ಗೊತ್ತು.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು 18 ವರ್ಷದ ಮಕ್ಕಳ ಬಗ್ಗೆ.

ಅಮೆರಿಕದ ಯಹೂದಿ ಮಕ್ಕಳಲ್ಲಿ ಅನೇಕರು ಹೈಸ್ಕೂಲು ಮುಗಿಸಿ, ಕಾಲೇಜಿಗೆ ಸೇರುವ ಮೊದಲು ಒಂದು ವರ್ಷ ಇಲ್ಲಿ ಬಂದು ಇರುತ್ತಾರೆ. ಅದಕ್ಕೆ ಗ್ಯಾಪ್ ಇಯರ್ ಅನ್ನುತ್ತಾರೆ. ಹುಡುಗರು ಹೆಚ್ಚಾಗಿ ಯೆಶಿವಾಗಳಲ್ಲಿ, ಹುಡುಗಿಯರು ಸೆಮಿನರಿಗಳಲ್ಲಿ ಧರ್ಮಗ್ರಂಥ ಓದುತ್ತಾರೆ. ವಾರಕ್ಕೊಂದು ಮಧ್ಯಾಹ್ನ ಸೇವೆಗೆ ಅಂತ ಬಿಟ್ಟಿರುತ್ತಾರೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಥಾಯ್ಲೆಂಡಿನ ಕೆಲಸಗಾರರು ಸಾವಿರಗಟ್ಟಲೆ ಊರಿಗೆ ವಾಪಸು ಹೋದಾಗ ಹೊಲಗಳಿಗೆ ಇಳಿದು ತರಕಾರಿ ಕಿತ್ತವರಲ್ಲಿ ಇಂಥ ಮಕ್ಕಳೂ ಇದ್ದರು.

ನಮ್ಮ ಮನೆಗೆ ಇಬ್ಬರು ಹುಡುಗಿಯರು ಬರತೊಡಗಿದ್ದು 2024ರ ಚಳಿಗಾಲದಲ್ಲಿ. ಅವರ ಸೆಮಿನರಿಯ ಟೀಚರ್ ಒಬ್ಬರದ್ದು ಒಂದೇ ಹಟ. ಇವತ್ತು ಅನಾಥಾಲಯ, ನಾಳೆ ಆಸ್ಪತ್ರೆ ಅಂತ ಸುತ್ತುವುದು ಬೇಡ. ಒಂದೇ ಮನೆ, ಒಂದೇ ದಿನ, ವರ್ಷ ಪೂರ್ತಿ. ಪರೀಕ್ಷೆ ಇದ್ದರೂ ಹೋಗಬೇಕು, ಮಳೆ ಬಂದರೂ ಹೋಗಬೇಕು. ಯಾವ ಮನೆಗೆ ಏನು ಬೇಕು ಅನ್ನುವುದನ್ನು ಮಕ್ಕಳೇ ಕೇಳಿ, ಮಕ್ಕಳೇ ತೀರ್ಮಾನಿಸಬೇಕು. ಟೀಚರ್, ನಿಮ್ಮ ಆ ಹಟದ ಬೆಲೆ ನನಗೆ ಗೊತ್ತು. ಹುಡುಗಿಯರು ಬರುವ ದಿನ ಮಂಗಳವಾರ, ನಮ್ಮ ಸವ್ತಾ ಅವತ್ತು ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು ಕೂರುತ್ತಿದ್ದರು.

ಸವ್ತಾ ಹುಟ್ಟಿದ್ದು ಬಾಗ್ದಾದಿನಲ್ಲಿ. 1950-51ರಲ್ಲಿ ಇರಾಕಿನ ಯಹೂದಿಗಳನ್ನು ವಿಮಾನಗಳಲ್ಲಿ ಇಲ್ಲಿಗೆ ಕರೆತಂದಾಗ ಅಪ್ಪ ಅಮ್ಮನ ಜೊತೆ ಬಂದವರು. ಮೊದಲು ಟೆಂಟಿನಲ್ಲಿ ಇದ್ದು, ಆಮೇಲೆ ಕಟಮೋನಿಮ್ ಬಡಾವಣೆಯ ಈ ಮನೆಗೆ ಬಂದರಂತೆ. ಅವರ ಹೀಬ್ರೂವಿನಲ್ಲಿ ಅರ್ಧ ಅರಬಿ. ಹುಡುಗಿಯರದ್ದು ಪುಸ್ತಕದ ಹೀಬ್ರೂ. ಮೊದಲ ಕೆಲವು ವಾರ ಉಡುಪಿ ಕಡೆಯ ಶಿರ್ವದ ನಾನು ನಡುವೆ ಕೂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳುತ್ತಿದ್ದೆ! ಟೆಂಟಿನೊಳಗೆ ಮಳೆನೀರು ಬಂದು ಅಮ್ಮನ ಚಪ್ಪಲಿ ತೇಲಿ ಹೋದ ಕಥೆಯನ್ನು ಸವ್ತಾ ಎಷ್ಟು ಸಲ ಹೇಳಿದರೂ ಆ ಮಕ್ಕಳು ಹೊಸದಾಗಿ ಕೇಳುವ ಹಾಗೆ ಕೇಳುತ್ತಿದ್ದರು.

ಆ ಇಬ್ಬರಲ್ಲಿ ಒಬ್ಬಳು ನ್ಯೂಜೆರ್ಸಿಯ ಹುಡುಗಿ. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕುವುದಿಲ್ಲ. ಒಂದು ದಿನ ಅವಳು ನನ್ನನ್ನು ಕೇಳಿದಳು, "ಅಕ್ಕಾ, ನಿನಗೇನು ಬೇಕು?" ಅಕ್ಕ ಅನ್ನುವುದನ್ನು ನಾನೇ ಕಲಿಸಿದ್ದೆ. ಈ ಕೆಲಸಕ್ಕೆ ಬಂದ ಮೇಲೆ ಆ ಪ್ರಶ್ನೆ ಕೇಳಿದವರು ಕಡಿಮೆ. ಒಂದು ಗಂಟೆ ಬಾಗಿಲು ಹಾಕಿಕೊಂಡು ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡಬೇಕು ಅಂದೆ. ಮುಂದಿನ ವಾರದಿಂದ ಅವಳು ಅದನ್ನೇ ನಿಯಮ ಮಾಡಿಬಿಟ್ಟಳು. ಒಬ್ಬಳು ಸವ್ತಾ ಹತ್ತಿರ ಕೂರಬೇಕು, ಇನ್ನೊಬ್ಬಳು ಅಂಗಡಿ, ಔಷಧಿ ನೋಡಬೇಕು, ಆ ಒಂದು ಗಂಟೆ ಅಕ್ಕನದ್ದು. ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಬೀದಿಯಲ್ಲಿ ನನ್ನ ಹಾಗೆ ವಯಸ್ಸಾದವರನ್ನು ನೋಡಿಕೊಳ್ಳುವವರು ಇನ್ನೂ ಯಾರಿದ್ದಾರೆ ಅಂತ ಕೇಳಿಕೊಂಡು, ಆ ಮನೆಗಳಿಗೂ ತನ್ನ ಗೆಳತಿಯರನ್ನು ಜೋಡಿ ಮಾಡಿ ಕಳಿಸಿದಳು.

ಇನ್ನು ಆ ರಾತ್ರಿಯ ವಿಷಯ. 2025ರ ಜೂನ್ 13. ಬೆಳಗಿನ ಜಾವವೇ ಸೈರನ್ ಕೂಗಿ ಎಲ್ಲರನ್ನೂ ಎಬ್ಬಿಸಿತ್ತು. ಇರಾನ್ ಜೊತೆ ಯುದ್ಧ ಶುರುವಾಗಿತ್ತು. ವಿಮಾನ ನಿಲ್ದಾಣ ಮುಚ್ಚಿತ್ತು. ನ್ಯೂಜೆರ್ಸಿಯ ಆ ಹುಡುಗಿಯ ಕೋರ್ಸ್ ಮುಗಿದು ಊರಿಗೆ ಹೊರಡುವ ಹೊತ್ತು ಅದು. ಜೆರುಸಲೇಮಿನಲ್ಲಿ ಸೈರನ್ ಕೂಗಿದ ಮೇಲೆ ಆಶ್ರಯಕ್ಕೆ ಸೇರಲು ಸಿಗುವುದು 90 ಸೆಕೆಂಡ್. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮಿಕ್ಲಾತ್, ಅಂದರೆ ಬಾಂಬ್ ಶೆಲ್ಟರ್, ಇರುವುದು ಅಂಗಳದ ಆಚೆ. 90 ಸೆಕೆಂಡಿನಲ್ಲಿ ನಾನೊಬ್ಬಳೇ ಸವ್ತಾರನ್ನು ಎರಡು ಮಹಡಿ ಇಳಿಸುವುದು ಹೇಗೆ?

ಶುಕ್ರವಾರ ಸೂರ್ಯ ಮುಳುಗುವ ಮೊದಲು, ಶಬ್ಬಾತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿಯ ದಿನ, ಶುರುವಾಗುವ ಮೊದಲು, ಅವಳು ಗೆಳತಿಯ ಜೊತೆ ನಡೆದುಕೊಂಡು ಬಂದಳು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಬ್ರೆಡ್ಡು, ನೀರು. "ಇವತ್ತು ಇಲ್ಲೇ ಇರ್ತೀವಿ" ಅಂದಳು, ಅಷ್ಟೇ. ಶಬ್ಬಾತ್ ದಿನ ಅವಳು ಫೋನ್ ಮುಟ್ಟುವವಳಲ್ಲ. ಜೀವ ಉಳಿಸುವ ವಿಷಯ ಬಂದರೆ ಶಬ್ಬಾತ್ ನಿಯಮ ಪಕ್ಕಕ್ಕೆ ಇಡಬೇಕು ಅಂತ ಅವರ ಧರ್ಮವೇ ಹೇಳುತ್ತದೆ. ಹಾಗಾಗಿ ಅವಳ ಫೋನ್ ಮೇಜಿನ ಮೇಲೆ ಆನ್ ಇತ್ತು. ರಾತ್ರಿ 9ರ ಸುಮಾರಿಗೆ ಮತ್ತೆ ಸೈರನ್. ಮೂವರೂ ಸೇರಿ ಸವ್ತಾರನ್ನು ಕುರ್ಚಿ ಸಮೇತ ಎತ್ತಿ ಇಳಿಸಿದೆವು. ಮೇಲೆ ಆಕಾಶದಲ್ಲಿ ಸಿಡಿಯುವ ಸದ್ದು ಕೇಳುತ್ತಿತ್ತು.

ಹತ್ತಿ ಇಳಿಯುವುದು ಇನ್ನು ಆಗದು, ಶೆಲ್ಟರಿನಲ್ಲೇ ಮಲಗೋಣ ಅಂತ ತೀರ್ಮಾನಿಸಿದವಳು ಅವಳೇ. ಜನ ತುಂಬಿದ್ದರು. ಹೆದರಿಕೆಗೆ ಸವ್ತಾ ಬಟ್ಟೆ ಒದ್ದೆ ಮಾಡಿಕೊಂಡಿದ್ದರು. ನಾಚಿಕೆಯಿಂದ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು ಅಳುತ್ತಿದ್ದರು. ಆ ಹುಡುಗಿ ಬೆಡ್‌ಶೀಟ್ ತಂದು ಎರಡು ತುದಿ ಎತ್ತಿ ಹಿಡಿದಳು, ಪರದೆಯ ಹಾಗೆ. ಮುಖ ಆಚೆ ತಿರುಗಿಸಿಕೊಂಡು ನಿಂತಳು. ನಾನು ಒರೆಸಿ, ಬಟ್ಟೆ ಬದಲಿಸಿ ಮುಗಿಸುವವರೆಗೆ ತೋಳು ಇಳಿಸಲಿಲ್ಲ. ನಿಂತಲ್ಲೇ ಸವ್ತಾರಿಗೆ ಕೇಳುವಂತೆ ಏನೋ ಹಾಡು ಗುನುಗುತ್ತಿದ್ದಳು. ಅವಳ ತೋಳು ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಆಮೇಲೆ ನನ್ನ ಧೈರ್ಯವೂ ಮುಗಿಯಿತು. ಊರಿನಲ್ಲಿ ಅಮ್ಮ ಟಿವಿ ಮುಂದೆ ಕೂತು ಅಳುತ್ತಿರುತ್ತಾರೆ, ಇಲ್ಲಿ ನಾನು ಸತ್ತರೆ ಯಾರು ಕಳಿಸುತ್ತಾರೆ ನನ್ನನ್ನು, ಅಂತೆಲ್ಲ ಬಾಯಿಗೆ ಬಂದದ್ದು ಹೇಳಿ ಅತ್ತುಬಿಟ್ಟೆ. ಕನ್ನಡದಲ್ಲಿ, ಕೊಂಕಣಿಯಲ್ಲಿ, ಯಾವುದರಲ್ಲೋ. ಅವಳು ಸಮಾಧಾನದ ಮಾತು ಹೇಳಲಿಲ್ಲ. "ನೀನು ಮಲಗು. ಸವ್ತಾ ಕೈ ನಾನು ಹಿಡ್ಕೊಂಡಿರ್ತೀನಿ" ಅಂದಳು. ಬೆಳಿಗ್ಗೆ ನನಗೆ ಎಚ್ಚರ ಆದಾಗ ಅವಳು ಗೋಡೆಗೆ ಒರಗಿ ಹಾಗೇ ಕೂತಿದ್ದಳು, ಕೈ ಬಿಟ್ಟಿರಲಿಲ್ಲ. ಅವಳಿಗೂ ಒಬ್ಬ ಅಮ್ಮ ಇದ್ದಾರೆ, ಸಮುದ್ರದ ಆಚೆ ಅದೇ ಟಿವಿ ನೋಡುತ್ತಾ. ಮಗು, ಆ ರಾತ್ರಿಯ ಋಣ ನಾನು ತೀರಿಸಲಾರೆ. ನಿನ್ನನ್ನು ಹೆತ್ತವರಿಗೂ ನನ್ನ ನಮಸ್ಕಾರ.

ಜೂನ್ 24ಕ್ಕೆ ಕದನವಿರಾಮ ಆಯಿತು. ಹೋಗುವ ಮೊದಲು ಅವಳು ಒಂದು ನೋಟ್‌ಬುಕ್ ಕೊಟ್ಟಳು. ಹೊಸ ಬ್ಯಾಚ್ ಹುಡುಗಿಯರಿಗೆ. ಒಂದೊಂದು ಮನೆಗೆ ಒಂದೊಂದು ಪುಟ. ನಮ್ಮ ಪುಟದಲ್ಲಿ ಹೀಗಿತ್ತು: ಎಡಗಿವಿ ಕೇಳುವುದಿಲ್ಲ, ಬಲಕ್ಕೆ ಕೂರಿ. ಚಹಾ ಗಾಜಿನ ಲೋಟದಲ್ಲೇ ಕೊಡಿ. ಅಂಬಾ (ಇರಾಕಿನವರ ಮಾವಿನಕಾಯಿ ಉಪ್ಪಿನಕಾಯಿ) ಕೇಳುತ್ತಾರೆ, ಒಂದೇ ಚಮಚ, ಬಿಪಿ ಇದೆ. ಟೆಂಟಿನ ಕಥೆ ಹೇಳುವಾಗ ಮಧ್ಯೆ ಮಾತಾಡಬೇಡಿ. ಅಕ್ಕನ ಒಂದು ಗಂಟೆ ತಪ್ಪಿಸಬೇಡಿ.

ವರ್ಷ ಮುಗಿದ ಮೇಲೆ ಮಕ್ಕಳು ಹೊರಟು ಹೋಗುತ್ತಾರೆ. ವಯಸ್ಸಾದವರು ಬಾಗಿಲು ನೋಡುತ್ತಾ ಉಳಿಯುತ್ತಾರೆ. ಗ್ಯಾಪ್ ಇಯರ್ ಸೇವೆಯಲ್ಲಿ ನನಗೆ ಜಾಸ್ತಿ ಬೇಜಾರಾಗುತ್ತಿದ್ದದ್ದು ಅದೇ. ನಾಯಕತ್ವ ಅಂದರೆ ಭಾಷಣ ಅಂದುಕೊಂಡಿದ್ದೆ ನಾನು. ತಾನು ಹೋದ ಮೇಲೆ ಮಂಗಳವಾರ ಬಾಗಿಲು ತಟ್ಟುವವರು ಯಾರು ಅಂತ ಯೋಚಿಸಿ, ಅದಕ್ಕೆ ವ್ಯವಸ್ಥೆ ಮಾಡಿ ಹೋಗುವುದೂ ನಾಯಕತ್ವವೇ, ಅಲ್ವಾ? ಆಗಸ್ಟ್ ಕೊನೆಗೆ ಹೊಸ ಮಕ್ಕಳು ಬಂದರು. ಮೊದಲ ದಿನವೇ ಒಬ್ಬಳು ಸೀದಾ ಬಲಗಡೆ ಹೋಗಿ ಕೂತಳು.

ಸವ್ತಾ ತೀರಿಕೊಂಡಾಗ ಅವರದ್ದು ಚಿಕ್ಕ ಕುಟುಂಬ. ಶಿವಾ ಅನ್ನುವ ಏಳು ದಿನದ ಸೂತಕದಲ್ಲಿ ಮಗ, ತೀರಿಕೊಂಡವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆ ಹೇಳಬೇಕಾದರೆ ಹತ್ತು ಗಂಡಸರು ಸೇರಲೇಬೇಕು. ಈ ಹುಡುಗಿಯರು ಯೆಶಿವಾದ ಹುಡುಗರಿಗೆ ಹೇಳಿ, ಬೆಳಿಗ್ಗೆ ಸಂಜೆ ಹತ್ತಕ್ಕೆ ಒಬ್ಬರೂ ಕಡಿಮೆ ಆಗದಂತೆ ನೋಡಿಕೊಂಡರು. ಆ ಹುಡುಗರಲ್ಲಿ ಹೆಚ್ಚಿನವರು ಸವ್ತಾರನ್ನು ಕಂಡವರೇ ಅಲ್ಲ. ನಿಮಗೆಲ್ಲ ದೇವರು ಒಳ್ಳೆಯದು ಮಾಡಲಿ.

ಮುಂದಿನ ತಿಂಗಳು ನಾನು ಹೊಸ ಮನೆಗೆ ಕೆಲಸಕ್ಕೆ ಸೇರುತ್ತೇನೆ. ಅದಕ್ಕೆ ಮೊದಲು ಟೀಚರ್ ನನ್ನನ್ನು ಸೆಮಿನರಿಗೆ ಕರೆದಿದ್ದಾರೆ. ವಯಸ್ಸಾದವರನ್ನು ಹಾಸಿಗೆಯಿಂದ ಕುರ್ಚಿಗೆ ಹೇಗೆ ಎತ್ತಬೇಕು, ಸೊಂಟ ಹೇಗೆ ಉಳಿಸಿಕೊಳ್ಳಬೇಕು ಅಂತ ಮಕ್ಕಳಿಗೆ ತೋರಿಸಿಕೊಡಬೇಕಂತೆ. ಖಂಡಿತ ಹೋಗುತ್ತೇನೆ. ಜೆರುಸಲೇಮಿನಲ್ಲಿರುವ ನಮ್ಮ ಕಡೆಯ ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಗೂ ಈ ಮಕ್ಕಳು ಬರಬೇಕು ಅನ್ನಿಸಿದರೆ ನನಗೆ ಮೆಸೇಜ್ ಮಾಡಿ. ನೋಟ್‌ಬುಕ್ಕಿನಲ್ಲಿ ಖಾಲಿ ಪುಟ ಇನ್ನೂ ಇವೆ.