ಮಗಳಿಗೊಂದು ಪತ್ರ: ನಾಲ್ಕನೆಯ ಅಂಕದ ಹಾಡು

ಸರಸ್ವತಿಪುರಂ, ಮೈಸೂರು

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ನಿಮ್ಮ ವಿಶ್ವವಿದ್ಯಾಲಯದ ಸಂಗೀತ ಶಾಲೆಯ ಈ ವರ್ಷದ ಕಾರ್ಯಕ್ರಮಗಳ ಪಟ್ಟಿಯನ್ನು ಅಪ್ಪನೂ ನಾನೂ ಕೂತು ಓದಿದೆವು. ವಾದ್ಯವೃಂದದ ಕಚೇರಿಗಳು, ಮೇಳಗಾಯನ, ವಿದ್ಯಾರ್ಥಿಗಳ ಗಾಯನ, ಏಪ್ರಿಲ್‌ನಲ್ಲಿ ಮೊಜಾರ್ಟನ ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ‘ಫಿಗಾರೋನ ಮದುವೆ’. ಮನೆಯೊಡೆಯ ಕೌಂಟನ ಹೆಂಡತಿ ಕೌಂಟೆಸ್ ಪಾತ್ರವಾಗಲಿ, ಫಿಗಾರೋನನ್ನು ಮದುವೆಯಾಗುವ ದಾಸಿ ಸುಸಾನ್ನಳ ಪಾತ್ರವಾಗಲಿ ಸಿಗದೆ, ತೋಟಗಾರನ ಮಗಳು ಬಾರ್ಬರೀನಳ ಪಾತ್ರ ಬಂದಿದೆಯೆಂದೂ ಅದನ್ನು ಬಿಟ್ಟುಬಿಡಲೇ ಎಂದೂ ಕೇಳಿದ್ದೀಯೆ. ಬಿಡಬೇಡ. ಫೋನಿನಲ್ಲಾದರೆ ಮಾತು ಎಲ್ಲೆಲ್ಲಿಗೋ ಹರಿಯುತ್ತದೆಂದು ಕಾರಣವನ್ನು ಬರೆದೇ ತಿಳಿಸುತ್ತಿದ್ದೇನೆ.

ಬಾರ್ಬರೀನಳಿಗೆ ಇರುವುದು ಒಂದೇ ಹಾಡು, ಅದೂ ಎರಡು ನಿಮಿಷ ದಾಟದ್ದು, ನಿಜ. ಆದರೆ ಅದು ಎಲ್ಲಿ ಬರುತ್ತದೆಂದು ನೋಡು. ನಾಲ್ಕನೆಯ ಅಂಕದ ಪರದೆ ಏಳುವಾಗ ಕತ್ತಲ ತೋಟದಲ್ಲಿ ಅವಳೊಬ್ಬಳೇ ಇದ್ದಾಳೆ. ಸುಸಾನ್ನಳಿಗೆ ಗುಟ್ಟಾಗಿ ಮುಟ್ಟಿಸೆಂದು ಕೌಂಟ್ ಕೊಟ್ಟ ಗುಂಡುಸೂಜಿಯನ್ನು ಕಳೆದುಕೊಂಡು ನೆಲವೆಲ್ಲ ತಡಕಾಡುತ್ತಿದ್ದಾಳೆ. ಕೊಳಲಿಲ್ಲ, ಕಹಳೆಯಿಲ್ಲ, ಧ್ವನಿ ತಗ್ಗಿಸಿದ ತಂತಿವಾದ್ಯಗಳಷ್ಟೇ ಜೊತೆಗಿರುವುದರಿಂದ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಮರೆಮಾಚಲು ಏನೂ ಇರುವುದಿಲ್ಲ. ಆ ಆಪೆರಾದ ಏಕಗೀತಗಳಲ್ಲಿ ಮೈನರ್ ಎಂಬ, ದುಗುಡದ ಛಾಯೆಯ ಸ್ವರಶ್ರೇಣಿಯಲ್ಲಿರುವುದು ಇದೊಂದೇ. ವೀಣೆಯಲ್ಲಿ ಬೆಳೆದ ನನ್ನ ಕಿವಿಗೆ ಅದರಲ್ಲಿ ಕೀರವಾಣಿ ರಾಗದ ನೆರಳು ಕೇಳಿಸುತ್ತದೆ. ಹಾಡು ಮುಗಿಯುತ್ತಿದ್ದಂತೆ ಫಿಗಾರೋ ಬಂದು ಅವಳ ಮುಗ್ಧ ಮಾತಿನಿಂದಲೇ ಸೂಜಿಯ ಸಂಗತಿ ತಿಳಿದು ಹೆಂಡತಿ ಸುಸಾನ್ನಳನ್ನು ಅನುಮಾನಿಸತೊಡಗುತ್ತಾನೆ. ಅಲ್ಲಿಂದ ಮುಂದಿನ ಗೊಂದಲಕ್ಕೆಲ್ಲ ಅದೇ ಮೂಲ. ಇಷ್ಟು ಭಾರ ಹೊತ್ತ ಹಾಡನ್ನು ಸಣ್ಣದೆಂದು ನಾನು ಎಣಿಸಲಾರೆ.

1786ರ ಮೇ 1ರಂದು ವಿಯೆನ್ನಾದಲ್ಲಿ ಈ ಆಪೆರಾ ಮೊದಲ ಸಲ ರಂಗಕ್ಕೆ ಬಂದಾಗ ಬಾರ್ಬರೀನಳಾಗಿ ಹಾಡಿದವಳು ಆನ್ನಾ ಗೊಟ್ಲೀಬ್, ಹನ್ನೆರಡು ವರ್ಷದ ಹುಡುಗಿ. ಐದು ವರ್ಷ ಕಳೆದು 1791ರಲ್ಲಿ ಮೊಜಾರ್ಟನದೇ ಇನ್ನೊಂದು ಆಪೆರಾ ‘ಮಾಯಾ ಕೊಳಲು’ ಸಿದ್ಧವಾದಾಗ ನಾಯಕಿ ಪಮೀನಳ ಪಾತ್ರಕ್ಕೆ ಬಂದವಳೂ ಅವಳೇ. 

ಇನ್ನು ನಿನ್ನ ಶಾರೀರದ ಮಾತು. ಆಪೆರಾ ಗಾಯಕಿಯ ಮುಂದೆ ಮೈಕಿಲ್ಲ. ಇಡೀ ವಾದ್ಯವೃಂದವನ್ನು ದಾಟಿ ಅವಳ ದನಿ ಕೊನೆಯ ಸಾಲಿಗೆ ಮುಟ್ಟಬೇಕು. ಪಳಗಿದ ಗಂಟಲು ಇದನ್ನು ಕೂಗಿ ಸಾಧಿಸುವುದಿಲ್ಲ. ವಾದ್ಯಗಳ ನಾದ ಕ್ಷೀಣವಾಗಿರುವ 3,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನಗಳು) ಆಸುಪಾಸಿನಲ್ಲಿ ತನ್ನ ಅನುರಣನವನ್ನು ಒಟ್ಟುಗೂಡಿಸಿಕೊಂಡು ಸಾಧಿಸುತ್ತದೆ. ಇದಕ್ಕೆ ವರ್ಷಗಟ್ಟಲೆ ಸಾಧಕ ಬೇಕು, ವಯಸ್ಸೂ ಕೂಡಿಬರಬೇಕು. ಟಿಕೆಟ್ ಮಾರಿಯೇ ಬದುಕಬೇಕಾದ ರಂಗಮಂದಿರ ಹೆಸರಾದ ಗಾಯಕಿಯರನ್ನು ಹುಡುಕುತ್ತದೆ, ಕಲಿಸುವ ಶಾಲೆಯಾದರೋ ಗಂಟಲಿಗೆ ತಕ್ಕ ಪಾತ್ರವನ್ನು ಹುಡುಕಬೇಕು. ನಿನ್ನ ಗುರುಗಳು ಅದನ್ನೇ ಮಾಡಿದ್ದಾರೆಂದು ನನಗೆ ತೋರುತ್ತದೆ.

ಅದೇ ಪಟ್ಟಿಯಲ್ಲಿ ಮಾರ್ಚ್ ತಿಂಗಳ ವಾದ್ಯವೃಂದ ಕಚೇರಿಯಲ್ಲಿ ನಿನ್ನ ಗುರುಗಳೇ ಜರ್ಮನ್ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸನ ‘ನಾಲ್ಕು ಕೊನೆಯ ಹಾಡುಗಳು’ ಹಾಡಲಿದ್ದಾರೆಂದು ಕಂಡು ನನಗೆ ರೋಮಾಂಚನವಾಯಿತು. ಆ ಹಾಡುಗಳಿಗೆ ನಮ್ಮೂರಿನ ಋಣಾನುಬಂಧವಿದೆ. ‘ಶ್ರೀವಿದ್ಯಾ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ನಮ್ಮ ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತವನ್ನೂ ಅಷ್ಟೇ ಶ್ರದ್ಧೆಯಿಂದ ಕಲಿತವರು, ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಸ್ಟ್ರೌಸ್ ತನ್ನ ಎಂಬತ್ತನಾಲ್ಕರ ಹೊತ್ತಿಗೆ ಈ ಹಾಡುಗಳನ್ನು ಬರೆದು, ಕಚೇರಿಯಲ್ಲಿ ಕೇಳದೆಯೇ 1949ರಲ್ಲಿ ತೀರಿಕೊಂಡ. ಅವು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಮೊದಲು ಕೇಳಿಬಂದಾಗ, ಆ ಕಚೇರಿಗೆ 4,800 ಡಾಲರುಗಳ ಜಾಮೀನು ನಿಂತವರು ನಮ್ಮ ಮಹಾರಾಜರು. ಅವರು ಅಲ್ಲಿಗೆ ಹೋಗಲಾಗದ್ದರಿಂದ ಮೈಸೂರಿಗೆ ಕಳಿಸಲೆಂದು ಕಚೇರಿಯನ್ನು ಧ್ವನಿಮುದ್ರಿಸಿಕೊಳ್ಳುವ ಏರ್ಪಾಡೂ ಆಗಿತ್ತು. ಅಂದು ಹಾಡಿದ ಕರ್ಸ್ಟನ್ ಫ್ಲಾಗ್‌ಸ್ಟಾಡ್‌ಗೆ ಐವತ್ತನಾಲ್ಕು ವರ್ಷ. ನಿನಗಿನ್ನೂ ಎಷ್ಟು ಕಾಲವಿದೆ ನೋಡು!

ಆದ್ದರಿಂದ ನಿನ್ನ ತಾಲೀಮು ಇಲ್ಲದ ಸಂಜೆಗಳಲ್ಲಿ ಕೋಣೆಯಲ್ಲಿ ಕೂರಬೇಡ. ವಿ.ವಿ. ಮೊಹಲ್ಲಾ ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿಗಳಿಗೆ ನಿನ್ನನ್ನು ಕರೆದೊಯ್ಯುತ್ತಿದ್ದಾಗ ಹಾಡುವವರನ್ನಷ್ಟೇ ಅಲ್ಲ, ಪಕ್ಕವಾದ್ಯದವರು ಹೇಗೆ ಕಾಯುತ್ತಾರೆ, ಎಲ್ಲಿ ಬಿಟ್ಟುಕೊಡುತ್ತಾರೆ ಎಂಬುದನ್ನೂ ಗಮನಿಸೆಂದು ಹೇಳುತ್ತಿದ್ದೆ. ಅಲ್ಲಿಯೂ ಹಾಗೆಯೇ ಕೇಳು. ಕೌಂಟೆಸ್ ಪಾತ್ರ ಸಿಕ್ಕ ನಿನ್ನ ಗೆಳತಿಯ ತಾಲೀಮಿಗೂ ಹೋಗು. ಅವಳು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆಂದು ಪುಸ್ತಕದಲ್ಲಿ ಗುರುತು ಹಾಕಿಕೋ. ಇಟಾಲಿಯನ್ ಮಾತುಗಳನ್ನು ಹಾಡುವ ಮೊದಲು ಬರಿದೇ ಓದಿ ಅಭ್ಯಾಸ ಮಾಡು. ನೆಗಡಿಯಾದಾಗ ಹಾಡಲೇಬೇಡ.

ನಿಮ್ಮಲ್ಲಿ ಸಂಜೆ ಏಳೂವರೆಗೆ ಆರಂಭವೆಂದರೆ ನಮ್ಮಲ್ಲಿ ಮರುದಿನ ಬೆಳಗ್ಗೆ ಐದು ಗಂಟೆ; ನಾಲ್ಕನೆಯ ಅಂಕ ಬರುವಾಗ ಏಳೂವರೆಯಾಗಿರುತ್ತದೆ. ಅಜ್ಜಿಯೂ ನೇರ ಪ್ರಸಾರ ನೋಡುತ್ತಾರಂತೆ, ಆದ್ದರಿಂದ ಕತೆಯನ್ನು ಕನ್ನಡದಲ್ಲಿ ಬರೆದುಕೊಡಲು ಶುರುಮಾಡಿದ್ದೇನೆ. ಎರಡು ತಂಡಗಳು ಬೇರೆ ಬೇರೆ ರಾತ್ರಿ ಹಾಡುತ್ತವೆಂದು ಬರೆದಿದ್ದೀಯೆ. ನಿನ್ನ ತಂಡದ ದಿನಾಂಕವನ್ನೂ ನೇರ ಪ್ರಸಾರ ಯಾವ ರಾತ್ರಿ ಇದೆ ಎಂಬುದನ್ನೂ ಬೇಗ ತಿಳಿಸು.

ಇಂತಿ,
ನಿನ್ನ ಅಮ್ಮ