ಶನಿವಾರದ ಮಾತುಕತೆಗೆ: ಮೊದಲು ಕಾಲಿಟ್ಟವರು

ಎಲ್ಲರಿಗೂ ನಮಸ್ಕಾರ. ಈ ಶನಿವಾರ, ಬೇರೆ ಬೇರೆ ಕೆಲಸಗಳಲ್ಲಿ ದಾರಿ ಮಾಡಿಕೊಟ್ಟ ಹೆಣ್ಣುಮಕ್ಕಳ ಬಗ್ಗೆ ಮಾತಾಡೋಣ. ಒಬ್ಬೊಬ್ಬರು ಒಂದೊಂದು ಹೆಸರು ತನ್ನಿ.

ನನ್ನ ಆಯ್ಕೆ ಎ. ಲಲಿತಾ. 18ನೇ ವಯಸ್ಸಿಗೇ ಗಂಡ ತೀರಿಕೊಂಡರು, ಮಡಿಲಲ್ಲಿ ನಾಲ್ಕು ತಿಂಗಳ ಮಗಳು. ಆಮೇಲೆ ಮದ್ರಾಸಿನ ಗಿಂಡಿ ಕಾಲೇಜಿಗೆ ಸೇರಿ, 1943ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆದರು. ಅವರ ಪ್ರಮಾಣಪತ್ರದಲ್ಲಿ 'ಅವನು' ಅಂತ ಮೊದಲೇ ಅಚ್ಚಾಗಿತ್ತು. ಅದನ್ನು ಹೊಡೆದು, ಪೆನ್ನಿನಲ್ಲಿ 'ಅವಳು' ಅಂತ ಬರೆದುಕೊಟ್ಟರಂತೆ! ಆ ಒಂದು ಗೀಟು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಮುಂದೆ ಭಾಕ್ರಾ ನಂಗಲ್ ಅಣೆಕಟ್ಟು ಯೋಜನೆಗೂ ಅವರು ಕೆಲಸ ಮಾಡಿದರು.

ಇನ್ನೂ ಎಷ್ಟೋ ಜನ ಇದ್ದಾರೆ, ಅಲ್ವಾ? 1936ರಲ್ಲಿ ಸೀರೆ ಉಟ್ಟೇ ಒಬ್ಬರೇ ವಿಮಾನ ಹಾರಿಸಿದ ಸರಳಾ ಠಕ್ರಾಲ್. ಪತ್ರಿಕಾ ಛಾಯಾಗ್ರಾಹಕಿಯಾಗಿ ಕ್ಯಾಮೆರಾ ಹಿಡಿದ ಹೋಮಾಯ್ ವ್ಯಾರಾವಾಲಾ. 1959ರಲ್ಲಿ ಕೇರಳ ಹೈಕೋರ್ಟ್ ನ್ಯಾಯಾಧೀಶರಾದ ಅನ್ನಾ ಚಾಂಡಿ.

ಒಂದು ವಿನಂತಿ. ಸುಮ್ನೆ ಫಾರ್ವರ್ಡ್ ಬಂದದ್ದನ್ನೇ ಹಾಕಬೇಡಿ. 'ಮೊದಲ ಮಹಿಳೆ' ಅಂತ ಬರೆಯುವ ಮುಂಚೆ ಇಸವಿ ಒಮ್ಮೆ ನೋಡಿ. ಪ್ರಶಸ್ತಿಗಳ ಪಟ್ಟಿಗಿಂತ ಅವರು ದಿನಾ ಮಾಡುತ್ತಿದ್ದ ಕೆಲಸದ ಬಗ್ಗೆ ಜಾಸ್ತಿ ಬರೆಯಿರಿ. ಶುಕ್ರವಾರ ರಾತ್ರಿಯೊಳಗೆ ಹೆಸರು ತಿಳಿಸಿದರೆ, ಇಬ್ಬರು ಒಬ್ಬರ ಬಗ್ಗೆಯೇ ಹೇಳುವುದು ತಪ್ಪುತ್ತದೆ.